ಇಪ್ಪತ್ತೊಂದು ಅಂಕಿಗಳ ಒಂದು ಸಂಖ್ಯೆ

ಚದುರಂಗದ ಮಣೆಯ ಮೊದಲ ಮನೆಯಲ್ಲಿ ಒಂದು ಗೋಧಿಯ ಕಾಳು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು, ಹೀಗೆ ಇಮ್ಮಡಿಸುತ್ತ 64 ಮನೆಗಳನ್ನೂ ತುಂಬಬೇಕೆಂದು ಅರಸನನ್ನು ಬೇಡಿದ ಜಾಣನ ಕಥೆ ವಾಚಕರಿಗೆ ತಿಳಿದದ್ದೇ. ಮಣೆಗೆ ಇನ್ನು ಮೂರು ಮನೆಗಳನ್ನು ಸೇರಿಸೋಣ. ಆಗ ಒಟ್ಟು ಕಾಳುಗಳು 14,75,73,95,25,89,67,64,12,927. ಎರಡರ 67ನೆಯ ಘಾತದಲ್ಲಿ ಒಂದನ್ನು ಕಳೆದರೆ ಬರುವ ಸಂಖ್ಯೆಯಿದು. ಇದು ಅವಿಭಾಜ್ಯವೋ, ಸಂಯುಕ್ತವೋ? ಈ ಪ್ರಶ್ನೆ ಪೂರ್ಣವಾಗಿ ಬಗೆಹರಿಯಲು ಎರಡೂವರೆ ಶತಮಾನಗಳು ಬೇಕಾದುವು.

ಇದು ಬೆಸ ಸಂಖ್ಯೆ. ಅಂಕಿಗಳ ಮೊತ್ತ 109 ಆದುದರಿಂದ ಮೂರರಿಂದ ಭಾಗವಾಗದು. ಕೊನೆಯ ಅಂಕಿ 7 ಆದುದರಿಂದ ಐದರಿಂದಲೂ ಆಗದು. ಶಾಲೆಯಲ್ಲಿ ಕಲಿತ ಸೂತ್ರಗಳು ನಮ್ಮನ್ನು ಇದಕ್ಕಿಂತ ಬಹಳ ದೂರ ಒಯ್ಯಲಾರವು.

ಎರಡರ ಘಾತದಿಂದ ಒಂದನ್ನು ಕಳೆದು ಪಡೆದ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳೆಂದು ಹೆಸರು. ಘಾತಾಂಕವು ಅವಿಭಾಜ್ಯವಾದ ಮಾತ್ರಕ್ಕೆ ಇವು ಅವಿಭಾಜ್ಯವಾಗಬೇಕೆಂದಿಲ್ಲ. ಘಾತಾಂಕ 11 ಆದಾಗ ದೊರೆಯುವ 2047 ಎಂಬುದು 23 ಮತ್ತು 89ರ ಗುಣಲಬ್ಧ. ಫ್ರಾನ್ಸಿನ ಸಂನ್ಯಾಸಿ ಮರ್ಸೆನ್ನನು 1644ರಲ್ಲಿ, 257ರವರೆಗೆ ಯಾವ ಘಾತಾಂಕಗಳು ಅವಿಭಾಜ್ಯವನ್ನು ಕೊಡುತ್ತವೆಂದು ಪಟ್ಟಿಮಾಡಿದನು. ಅದರಲ್ಲಿ 67 ಇತ್ತು, 61 ಇರಲಿಲ್ಲ. ನಿಜವಾಗಿ ಅವಿಭಾಜ್ಯವನ್ನು ಕೊಡುವುದು 61. ಅಚ್ಚಿನಲ್ಲಿ ಅದೇ 67 ಆಯಿತೆಂದು ಅವನ ಪರವಾಗಿ ವಾದಿಸಿದವರೂ ಉಂಟು! ಆದರೆ ಪಟ್ಟಿಯ ಬೇರೆ ತಪ್ಪುಗಳಿಗೆ ಈ ಸಮಾಧಾನ ಸಾಲದು.

1876ರಲ್ಲಿ ಫ್ರೆಂಚ್ ಗಣಿತಜ್ಞ ಲೂಕಾ ನಮ್ಮ ಸಂಖ್ಯೆ ಸಂಯುಕ್ತವೆಂದು ಸಾಧಿಸಿದನು. ವಿಚಿತ್ರವೆಂದರೆ, ಅದರ ಒಂದು ಅಪವರ್ತನವೂ ಅವನಿಗೆ ತಿಳಿದಿರಲಿಲ್ಲ. ಇದು ಹೇಗೆ ಸಾಧ್ಯ? ಅವನ ವಿಧಾನವನ್ನು 1930ರಲ್ಲಿ ಲೆಹ್ಮರ್ ಸರಳಗೊಳಿಸಿದ ರೂಪದಲ್ಲಿ ನೋಡೋಣ. ಘಾತಾಂಕ 5, ಸಂಖ್ಯೆ 31 ಆಗಿರಲಿ. 4ರಿಂದ ಆರಂಭಿಸಿ, ವರ್ಗಮಾಡಿ ಎರಡನ್ನು ಕಳೆದು, 31ರಿಂದ ಭಾಗಿಸಿ ಶೇಷವನ್ನು ಮಾತ್ರ ಉಳಿಸಿಕೊಳ್ಳಬೇಕು. ಮೊದಲು 14, ಅನಂತರ 194, ಅದರ ಶೇಷ 8, ಆಮೇಲೆ 62, ಶೇಷ ಸೊನ್ನೆ. ಘಾತಾಂಕಕ್ಕಿಂತ ಎರಡು ಕಡಮೆ ಹೆಜ್ಜೆಗಳಲ್ಲಿ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಸಂಯುಕ್ತ. 67ಕ್ಕೆ ಕೇವಲ 65 ಹೆಜ್ಜೆಗಳು. ಕೊನೆಯಲ್ಲಿ ಸೊನ್ನೆ ಬರುವುದಿಲ್ಲ. ಮನೆಯಲ್ಲಿ ಕಳ್ಳನಿದ್ದಾನೆಂದು ಗೊತ್ತಾಯಿತು, ಯಾವ ಮೂಲೆಯಲ್ಲೆಂದು ಗೊತ್ತಾಗಲಿಲ್ಲ.

ಹುಡುಕಲು ಒಂದು ಸುಳಿವೇನೋ ಇದೆ. ಈ ಸಂಖ್ಯೆಯ ಯಾವ ಅವಿಭಾಜ್ಯ ಅಪವರ್ತನವನ್ನು 134ರಿಂದ ಭಾಗಿಸಿದರೂ ಶೇಷ 1 ಬರಲೇಬೇಕು. ಆದರೆ 135, 269, 403 ಎಂದು ಒಂದೊಂದಾಗಿ ನಡೆದವನಿಗೆ ಮೊದಲ ಅಪವರ್ತನ ಸಿಗುವುದು 14,45,580ನೆಯ ಹೆಜ್ಜೆಯಲ್ಲಿ! ಅಮೆರಿಕದ ಕೋಲ್ ಇದಕ್ಕಿಂತ ಸೂಕ್ಷ್ಮವಾದ ಉಪಾಯಗಳಿಂದ ಅದನ್ನು ಹಿಡಿದು, 1903ರ ಅಕ್ಟೋಬರಿನಲ್ಲಿ ಅಮೆರಿಕನ್ ಗಣಿತ ಸಂಘದ ಸಭೆಯ ಮುಂದಿಟ್ಟನು. ಅವನು ತುಟಿಪಿಟಕ್ಕೆನ್ನದೆ ಕರಿಹಲಗೆಯ ಮೇಲೆ 19,37,07,721 ಮತ್ತು 7,61,83,82,57,287 ಇವೆರಡನ್ನು ಗುಣಿಸಿ ತೋರಿಸಿ ಕುಳಿತನೆಂದು ಕಥೆಯಿದೆ.

ಈ ಎರಡೂ ಅವಿಭಾಜ್ಯಗಳು. ಆದ್ದರಿಂದ ನಮ್ಮ ಸಂಖ್ಯೆಗೆ ತನ್ನನ್ನು ಬಿಟ್ಟರೆ ಮೂರೇ ಭಾಜಕಗಳು. ಅವುಗಳ ಮೊತ್ತ 7,62,03,19,65,009. ಇದು ಸಂಖ್ಯೆಗಿಂತ ಬಹಳ ಚಿಕ್ಕದಾದುದರಿಂದ ಅದು ನ್ಯೂನಸಂಖ್ಯೆಗಳ ವರ್ಗಕ್ಕೆ ಸೇರುತ್ತದೆ.

ಇಂದಿನ ಗಣಕಯಂತ್ರಕ್ಕೆ ಇದನ್ನು ಒಡೆಯುವುದು ಕಣ್ಣೆವೆಯಿಕ್ಕುವಷ್ಟರ ಕೆಲಸ. ಆದರೂ ಗುಣಿಸುವುದು ಸುಲಭ, ಒಡೆಯುವುದು ಕಷ್ಟ ಎಂಬ ಅಂತರ ಅಳಿದಿಲ್ಲ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಈ ಅಂತರವನ್ನೇ ಗುಪ್ತಲಿಪಿಯ ಬೀಗವನ್ನಾಗಿ ಮಾಡಿದರು. ಘಾತಾಂಕ 1277 ಇರುವ ಮರ್ಸೆನ್ ಸಂಖ್ಯೆಗೆ 385 ಅಂಕಿಗಳು. ಅದು ಸಂಯುಕ್ತವೆಂಬುದು ಖಚಿತ. ಆದರೆ 2024ರ ಕೊನೆಯವರೆಗೂ ಅದರ ಒಂದು ಅಪವರ್ತನವೂ ಯಾರ ಕೈಗೂ ಸಿಕ್ಕಿರಲಿಲ್ಲ.