ನಿರ್ಮಾಣ ಸ್ಥಳಗಳಲ್ಲಿ ಕಾರ್ಮಿಕರ ಹಾಗೂ ವಾಹನಗಳ ಸುರಕ್ಷಿತ ಸಂಚಾರ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಸಿಂದಗಿ ತಾಲ್ಲೂಕಿನ ಯಂಕಂಚಿ ಹಾಗೂ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಗ್ರಾಮಗಳಿಂದ ಅನೇಕ ಕುಟುಂಬಗಳು ಕಟ್ಟಡ ಕೆಲಸಕ್ಕಾಗಿ ಮಹಾರಾಷ್ಟ್ರ, ಗೋವಾ ಹಾಗೂ ಬೆಂಗಳೂರಿಗೆ ತೆರಳುತ್ತವೆ. 2018ರ ಏಪ್ರಿಲ್ 10ರ ನಸುಕಿನಲ್ಲಿ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಖಂಡಾಳಾ ಬಳಿ ಹೆದ್ದಾರಿಯಲ್ಲಿ ಟೆಂಪೊವೊಂದು ಉರುಳಿ, ಕಟ್ಟಡ ಕೆಲಸಕ್ಕೆ ಹೊರಟಿದ್ದ ವಿಜಯಪುರ ಜಿಲ್ಲೆಯ ಹದಿನೈದಕ್ಕೂ ಹೆಚ್ಚು ಕಾರ್ಮಿಕರು ಮೃತಪಟ್ಟರು. ಕೆಲಸದ ಸ್ಥಳವನ್ನು ತಲುಪುವ ಮುನ್ನವೇ ಈ ದುರಂತ ಸಂಭವಿಸಿತೆಂಬುದನ್ನು ಗಮನಿಸಬೇಕು. ಕಾರ್ಮಿಕರ ಸುರಕ್ಷತೆಯು ಅವರು ವಾಹನ ಏರುವಲ್ಲಿಂದಲೇ ಆರಂಭವಾಗುತ್ತದೆ. ಸರಕು ಸಾಗಿಸುವ ವಾಹನದಲ್ಲಿ ಕಾರ್ಮಿಕರನ್ನು ಕರೆದೊಯ್ಯಬಾರದು.

ಕೆಲಸದ ಸ್ಥಳದ ಒಳಗೂ ಇದೇ ತತ್ವ ಅನ್ವಯಿಸುತ್ತದೆ. ಜನರಿಗೆ ಒಂದು ದಾರಿ, ವಾಹನಗಳಿಗೆ ಇನ್ನೊಂದು ದಾರಿ ಇರತಕ್ಕದ್ದು. ಮೊದಲ ಟಿಪ್ಪರ್ ಬರುವ ಮುನ್ನವೇ ಇದನ್ನು ನಿರ್ಧರಿಸಿದಲ್ಲಿ ಹೆಚ್ಚಿನ ವೆಚ್ಚವಾಗುವುದಿಲ್ಲ.

1. ಸಂಚಾರ ಯೋಜನೆ ಹೇಗೆ?

ನಿವೇಶನದ ಸರಳ ನಕ್ಷೆಯೊಂದನ್ನು ಬರೆದು, ಅದರಲ್ಲಿ ಈ ಕೆಳಕಂಡವುಗಳನ್ನು ಗುರುತಿಸಬೇಕು:

ಅ) ಕಾರ್ಮಿಕರು ಬಂದು ಹೋಗುವ ದಾರಿ ಹಾಗೂ ವಾಹನಗಳ ಪ್ರತ್ಯೇಕ ದಾರಿ
ಆ) ಉಸುಕು, ಖಡಿ, ಸಿಮೆಂಟ್ ಮತ್ತು ಕಬ್ಬಿಣ ಇಳಿಸುವ ಜಾಗ
ಇ) ಕುಡಿಯುವ ನೀರು, ಶೌಚಾಲಯ ಮತ್ತು ನೆರಳಿನ ಜಾಗ
ಈ) ಅಗೆದ ಗುಂಡಿಗಳು ಹಾಗೂ ಮೇಲೆ ಹಾದುಹೋಗುವ ವಿದ್ಯುತ್ ತಂತಿಗಳು

ನೀರಿನ ತೊಟ್ಟಿಯು ವಾಹನದ ದಾರಿಯ ಆಚೆ ಬದಿಗೆ ಇದ್ದಲ್ಲಿ, ಪ್ರತಿಯೊಬ್ಬ ಕಾರ್ಮಿಕನೂ ದಿನಕ್ಕೆ ಹಲವು ಬಾರಿ ಆ ದಾರಿಯನ್ನು ದಾಟಬೇಕಾಗುತ್ತದೆ. ತೊಟ್ಟಿಯನ್ನು ಈಚೆಗೆ ಇರಿಸಿದರೆ ಆ ಅಪಾಯವೇ ಇರುವುದಿಲ್ಲ. ಎಚ್ಚರಿಕೆಯ ಫಲಕಕ್ಕಿಂತ ಇಂತಹ ಬದಲಾವಣೆಯೇ ಹೆಚ್ಚು ಪರಿಣಾಮಕಾರಿ.

2. ವಾಹನ ಹಿಂದಕ್ಕೆ ಚಲಿಸುವಾಗ

ಟಿಪ್ಪರ್ ಅಥವಾ ಜೆಸಿಬಿ ಹಿಂದಕ್ಕೆ ಚಲಿಸುವಾಗ ಅದರ ಬೆನ್ನ ಹಿಂದೆ ಕುಳಿತಿರುವ ಅಥವಾ ಬಾಗಿ ಕೆಲಸ ಮಾಡುತ್ತಿರುವ ವ್ಯಕ್ತಿಯು ಚಾಲಕನಿಗೆ ಕಾಣಿಸುವುದಿಲ್ಲ. ಯಂತ್ರಗಳ ಸದ್ದಿನಲ್ಲಿ ಕೂಗಿದರೂ ಕೇಳಿಸುವುದಿಲ್ಲ. ಆದುದರಿಂದ ಸಾಧ್ಯವಿದ್ದಲ್ಲಿ ವಾಹನಗಳು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೊರಹೋಗುವಂತೆ ವ್ಯವಸ್ಥೆ ಮಾಡತಕ್ಕದ್ದು. ಇದು ಸಾಧ್ಯವಾಗದಿದ್ದಲ್ಲಿ, ಸನ್ನೆ ಮಾಡಲು ತರಬೇತಿ ಪಡೆದ ಒಬ್ಬನೇ ವ್ಯಕ್ತಿಯನ್ನು ನೇಮಿಸಬೇಕು. ಆತನು ಚಾಲಕನ ಕನ್ನಡಿಯಲ್ಲಿ ಕಾಣುವಂತೆ ಬದಿಯಲ್ಲಿ ನಿಲ್ಲಬೇಕು. ಆತನು ಕಾಣದಾದ ಕೂಡಲೇ ಚಾಲಕನು ವಾಹನವನ್ನು ನಿಲ್ಲಿಸಬೇಕು. ಟಿಪ್ಪರಿನ ತೊಟ್ಟಿಯನ್ನು ವಿದ್ಯುತ್ ತಂತಿಯ ಕೆಳಗೆ ಎತ್ತಬಾರದು.

3. ಎರೆ ಭೂಮಿಯಲ್ಲಿ ವಿಶೇಷ ಎಚ್ಚರಿಕೆ

ಈ ಭಾಗದ ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆ ಬಿದ್ದೊಡನೆ ಜಾರುತ್ತದೆ. ಚಕ್ರ ಹೂತುಹೋಗದಿರಲೆಂದು ಚಾಲಕರು ಗಟ್ಟಿ ನೆಲವನ್ನು ಹುಡುಕಿ, ಜನ ನಡೆಯುವ ದಾರಿಗೇ ವಾಹನವನ್ನು ತರುವುದುಂಟು. ಆದುದರಿಂದ ಮಳೆಗಾಲಕ್ಕೆ ಮುನ್ನವೇ ವಾಹನದ ದಾರಿಗೆ ಗರಸು ಹಾಕಿ ಗಟ್ಟಿಗೊಳಿಸಬೇಕು. ಅಗೆದ ಗುಂಡಿಯ ಅಂಚಿನ ಹತ್ತಿರ ಭಾರದ ವಾಹನ ನಿಲ್ಲಿಸಿದಲ್ಲಿ ಅಂಚು ಕುಸಿದು ಒಳಗಿರುವವರ ಮೇಲೆ ಬೀಳುವ ಸಂಭವವಿರುತ್ತದೆ. ಅಂಚಿನಿಂದ ಸಾಕಷ್ಟು ದೂರದಲ್ಲಿ ತಡೆಗಟ್ಟೆ ನಿರ್ಮಿಸತಕ್ಕದ್ದು.

4. ವಿಶ್ರಾಂತಿ ಮತ್ತು ಮಕ್ಕಳು

ಬಿಸಿಲಿನಲ್ಲಿ ಬೇರೆ ನೆರಳು ದೊರೆಯದಿದ್ದಾಗ ಕಾರ್ಮಿಕರು ನಿಂತ ವಾಹನದ ಕೆಳಗೆ ಮಲಗುವುದುಂಟು. ಇದು ಪ್ರಾಣಾಪಾಯಕಾರಿ. ಇದಕ್ಕೆ ಕಾರ್ಮಿಕರನ್ನು ದೂರುವುದಕ್ಕಿಂತ, ವಾಹನಗಳಿಂದ ದೂರದಲ್ಲಿ ಚಪ್ಪರ ಹಾಕಿಸುವುದು ಸರಿಯಾದ ಕ್ರಮವಾಗಿದೆ. ತಾಯಂದಿರೊಡನೆ ಬರುವ ಮಕ್ಕಳಿಗೂ ಬೇಲಿ ಹಾಕಿದ ಪ್ರತ್ಯೇಕ ಜಾಗವಿರಬೇಕು. ವಾಹನ ಚಾಲನೆ ಮಾಡುವ ಮುನ್ನ ಚಾಲಕನು ಕೆಳಗಿಳಿದು ವಾಹನದ ಸುತ್ತ ಒಮ್ಮೆ ನೋಡತಕ್ಕದ್ದು.

5. ಮಾಲೀಕರ ಕರ್ತವ್ಯ, ಕಾರ್ಮಿಕರ ಹಕ್ಕು

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ದಿನಾಂಕ 21-11-2025ರಿಂದ ಜಾರಿಗೆ ಬಂದಿದೆ. ಇದರನ್ವಯ ಕೆಲಸದ ಸ್ಥಳವನ್ನು ಅಪಾಯಮುಕ್ತವಾಗಿ ಇರಿಸುವುದು ಮಾಲೀಕರ ಕರ್ತವ್ಯವಾಗಿರುತ್ತದೆ. ಗಂಭೀರ ಅಪಾಯ ಸನ್ನಿಹಿತವಾಗಿದೆಯೆಂದು ಕಂಡುಬಂದಲ್ಲಿ, ಕಾರ್ಮಿಕರು ಅದನ್ನು ಮಾಲೀಕರ ಗಮನಕ್ಕೆ ತರುವುದರೊಂದಿಗೆ ಇಲಾಖೆಯ ಅಧಿಕಾರಿಗಳಿಗೂ ತಿಳಿಸಬಹುದು. ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಮನೆ ಕೆಲಸಗಳಲ್ಲಿಯೂ ಮೇಲ್ಕಂಡ ಎಚ್ಚರಿಕೆಗಳನ್ನು ಪಾಲಿಸುವುದು ಅವಶ್ಯಕ.

6. ನೋಂದಣಿ

18 ವರ್ಷ ತುಂಬಿದ, 60 ವರ್ಷ ಮೀರದ ಹಾಗೂ ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ನಿರ್ಮಾಣ ಕೆಲಸ ಮಾಡಿದ ಕಾರ್ಮಿಕರು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಫಲಾನುಭವಿಯಾಗಿ ನೋಂದಾಯಿಸಿಕೊಳ್ಳಬಹುದು. ಅಪಘಾತವಾದ ಮೇಲೆ ಕುಟುಂಬದವರು ದಾಖಲೆಗಳಿಗಾಗಿ ಅಲೆಯುವಂತಾಗಬಾರದು. ಆದುದರಿಂದ ಊರು ಬಿಟ್ಟು ದುಡಿಯಲು ಹೊರಡುವ ಮುನ್ನವೇ ನೋಂದಣಿ ಮಾಡಿಸಿ, ಗುರುತಿನ ಚೀಟಿಯ ಪ್ರತಿಯೊಂದನ್ನು ಮನೆಯಲ್ಲಿ ಇರಿಸತಕ್ಕದ್ದು.

ಅಪಘಾತ ಸಂಭವಿಸಿದಲ್ಲಿ ಕೂಡಲೇ 108ಕ್ಕೆ ಕರೆ ಮಾಡುವುದು. ಹೆಚ್ಚಿನ ಮಾಹಿತಿಗಾಗಿ ತಮ್ಮ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಛೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.