ನಾಳೆಯಿಂದಲ್ಲ, ಇವತ್ತಿನಿಂದ



ಮೊದಲ ಕಿರುಪರೀಕ್ಷೆಯಲ್ಲಿ ಭೌತಶಾಸ್ತ್ರದ ಅರ್ಧ ಪ್ರಶ್ನೆಗಳನ್ನು ಖಾಲಿ ಬಿಟ್ಟು ಸಂತಪುರದ ಬಸ್ಸು ಹತ್ತಿದ್ದೆ. ಪಾಠ ಅರ್ಥವಾಗಿರಲಿಲ್ಲ ಎಂದಲ್ಲ. ತಿಂಗಳಿಡೀ ‘ನಾಳೆಯಿಂದ ಓದುತ್ತೇನೆ’ ಅಂದುಕೊಂಡೇ ಕಳೆದಿದ್ದೆ. ಅಂಕಪಟ್ಟಿಗೆ ಸಹಿ ಹಾಕುವಾಗ ನಮ್ಮ ಅಬ್ಬಾ ಬೈಯಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಕೆಲಸ ಮುಂದೂಡುವುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಕಷ್ಟದ ಪಾಠ ಕಂಡರೆ ಭಯ, ಬೇಸರ. ಪುಸ್ತಕ ಮುಚ್ಚಿ ಮೊಬೈಲ್ ಹಿಡಿದರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ. ಮುಂದೆ ಅದೇ ರೂಢಿಯಾಗುತ್ತದೆ. ಪಾಠ ಮಾತ್ರ ಬೆಟ್ಟವಾಗಿ ಬೆಳೆಯುತ್ತದೆ.

ನಮ್ಮ ಬೀದರಿನ ಬಿದ್ರಿ ಕಲೆ ನೋಡಿ. ಸತು, ತಾಮ್ರ ಕರಗಿಸಿ ಎರಕ ಹೊಯ್ಯಬೇಕು, ಉಜ್ಜಬೇಕು, ಚಿತ್ತಾರ ಕೊರೆಯಬೇಕು, ಬೆಳ್ಳಿ ತಂತಿ ಕೂರಿಸಬೇಕು. ಕೊನೆಗೆ ಕೋಟೆಯ ಮಣ್ಣು, ನವಸಾಗರ ಬೆರೆಸಿದ ನೀರು ತಾಗಿದಾಗಲೇ ಆ ಕಪ್ಪು ಬಣ್ಣ. ಯಾವ ಹಂತವನ್ನೂ ಬಿಟ್ಟು ಮುಂದೆ ಹೋಗುವಂತಿಲ್ಲ. ಓದೂ ಹಾಗೆಯೇ.

ಈಗ ನನಗೆ ಮೂರು ನಿಯಮಗಳಿವೆ. ಒಂದು, ‘ಭೌತಶಾಸ್ತ್ರ ಓದಬೇಕು’ ಎನ್ನದೆ ‘ಫಜ್ರ್ ನಮಾಜ್ ಆದ ಕೂಡಲೇ ಎರಡು ಲೆಕ್ಕ’ ಎಂದು ಬರೆದಿಡುವುದು. ಎರಡು, ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ರೂಪಿಸಿದ ಪದ್ಧತಿಯಂತೆ 25 ನಿಮಿಷ ಓದು, 5 ನಿಮಿಷ ಬಿಡುವು. ಮೂರು, ಆ 25 ನಿಮಿಷ ಮೊಬೈಲ್ ಅಮ್ಮಿಯ ಹತ್ತಿರ.

ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಓದಲು ಹೋಗುವುದಿಲ್ಲ, ಎಂದಿನಷ್ಟೇ ಓದುತ್ತೇನೆ. ಎರಡನೇ ಪರೀಕ್ಷೆಯಲ್ಲಿ ನಾನು ಮೊದಲ ಸ್ಥಾನವೇನೂ ಪಡೆಯಲಿಲ್ಲ. ಆದರೆ ಒಂದು ಪ್ರಶ್ನೆಯನ್ನೂ ಖಾಲಿ ಬಿಡಲಿಲ್ಲ.

ಇದನ್ನು ಓದಿ ಮುಗಿಸಿದಿರಲ್ಲ, ಈಗಲೇ ಎರಡು ಲೆಕ್ಕ ಮಾಡಿ.