ಸಾಗಿಸಬಲ್ಲ ಸೌರಫಲಕದಿಂದ 12 ವೋಲ್ಟ್ ಬ್ಯಾಟರಿ ಚಾರ್ಜ್: ಬೆಂಗ್ರೆಯ ದೋಣಿಗೂ ತೋಟದ ಬಂಡಿಗೂ ಅನ್ವಯಿಸುವ ವಿಧಾನ

ಫಲ್ಗುಣಿ ನದಿ ಮತ್ತು ಅರಬ್ಬೀ ಸಮುದ್ರದ ನಡುವೆ ಉದ್ದಕ್ಕೆ ಚಾಚಿಕೊಂಡಿರುವ ಮರಳಿನ ಪಟ್ಟಿಯೇ ಬೆಂಗ್ರೆ. ಮಂಗಳೂರಿನ ಬಂದರಿನಿಂದ ದೋಣಿಯಲ್ಲಿ ಕೆಲವೇ ನಿಮಿಷಗಳ ದಾರಿ. ರಸ್ತೆಯಲ್ಲಿ ಹೋಗುವುದಾದರೆ ಕೂಳೂರು, ತಣ್ಣೀರುಬಾವಿಗಳ ಮೂಲಕ ಬಳಸಿಕೊಂಡು ಹೋಗಬೇಕು. ಇಲ್ಲಿನ ಸಣ್ಣ ದೋಣಿಗಳಲ್ಲಿಯೂ ಇಂದು ದೀಪ, ವಯರ್‌ಲೆಸ್, ಜಿಪಿಎಸ್, ಮೊಬೈಲ್ ಚಾರ್ಜರ್ ಎಲ್ಲವೂ ಒಂದೇ 12 ವೋಲ್ಟ್ ಬ್ಯಾಟರಿಯನ್ನು ಅವಲಂಬಿಸಿರುತ್ತವೆ. ರಾತ್ರಿ ಸಮುದ್ರದಲ್ಲಿ ಆ ಬ್ಯಾಟರಿ ಕೈಕೊಟ್ಟರೆ ದೋಣಿಯ ದೀಪ ಆರುತ್ತದೆ, ದಡಕ್ಕೆ ಕರೆ ಹೋಗುವುದಿಲ್ಲ, ಅಳಿವೆ ಬಾಗಿಲಿನ ಮರಳುದಿಬ್ಬ ಯಾವ ಬದಿಗಿದೆ ಎಂಬುದೂ ತಿಳಿಯುವುದಿಲ್ಲ.

ಕೃಷಿ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ದೋಣಿಯ ಮಾತೇಕೆ ಎಂದು ಕೆಲವರು ಕೇಳಬಹುದು. ಪುತ್ತೂರು, ಸುಳ್ಯಗಳಿಂದ ಜೇನುಪೆಟ್ಟಿಗೆಗಳನ್ನು ರಬ್ಬರ್ ತೋಟಗಳಿಗೆ ಸಾಗಿಸಿ ಅಲ್ಲಿಯೇ ತಂಗುವ ಜೇನು ಕೃಷಿಕರ ವಾಹನ, ಕಾಡಂಚಿನ ಗದ್ದೆಯಲ್ಲಿ ರಾತ್ರಿ ಕಾವಲಿಗೆ ನಿಲ್ಲಿಸಿದ ಟ್ರೈಲರ್, ಸೌರ ಬೇಲಿಯ ಎನರ್ಜೈಸರ್, ಪ್ರವಾಸಿಗರು ಮಲಗುವ ಮನೆಬಂಡಿ ಇವೆಲ್ಲವುಗಳಲ್ಲಿ ಇರುವುದು ಇದೇ ಬ್ಯಾಟರಿ. ವಿದ್ಯುತ್ ತಂತಿಯಿಂದ ದೂರವಿದ್ದು, ಸ್ಥಳ ಬದಲಿಸುತ್ತಲೇ ಇರುವ ಬ್ಯಾಟರಿಗೆ ಚಾವಣಿಗೆ ಬಿಗಿದ ಫಲಕಕ್ಕಿಂತ ಎತ್ತಿಕೊಂಡು ಹೋಗಬಹುದಾದ ಫಲಕ ಹೆಚ್ಚು ಅನುಕೂಲ. ಎಲ್ಲಕ್ಕಿಂತ ಕಠಿಣವಾದ ಪರಿಸ್ಥಿತಿ ದೋಣಿಯದು. ಉಪ್ಪು, ಮರಳು, ಗಾಳಿ, ಮಳೆ ನಾಲ್ಕನ್ನೂ ತಡೆದು ನಿಲ್ಲುವ ವ್ಯವಸ್ಥೆ ತೋಟದಲ್ಲಿ ನಿರಾಯಾಸವಾಗಿ ನಡೆಯುತ್ತದೆ. ಆದುದರಿಂದ ದೋಣಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ.

ಮೊದಲು ಬ್ಯಾಟರಿಯನ್ನು ತಿಳಿಯಿರಿ

ಎಂಜಿನ್ ಚಾಲೂ ಮಾಡುವ ಬ್ಯಾಟರಿ ಬೇರೆ, ಗಂಟೆಗಟ್ಟಲೆ ದೀಪ ಉರಿಸುವ ಬ್ಯಾಟರಿ ಬೇರೆ. ವಾಹನದ ಬ್ಯಾಟರಿಯಲ್ಲಿ ಸೀಸದ ಫಲಕಗಳು ತೆಳುವಾಗಿದ್ದು ಸಂಖ್ಯೆಯಲ್ಲಿ ಹೆಚ್ಚಿರುತ್ತವೆ. ಕೆಲವು ಸೆಕೆಂಡುಗಳ ಕಾಲ ಭಾರೀ ಕರೆಂಟ್ ಕೊಡುವುದು ಅದರ ಕೆಲಸ. ಅದನ್ನು ಪದೇ ಪದೇ ತಳಮಟ್ಟಕ್ಕೆ ಇಳಿಸಿದರೆ ಒಂದೆರಡು ಹಂಗಾಮಿನಲ್ಲೇ ಕೆಡುತ್ತದೆ. ದೀಪ, ವಯರ್‌ಲೆಸ್‌ಗಳಿಗೆ ದಪ್ಪ ಫಲಕಗಳ ಟ್ಯೂಬುಲರ್ ಅಥವಾ ಸೋಲಾರ್ ಬ್ಯಾಟರಿಯನ್ನು ಪ್ರತ್ಯೇಕವಾಗಿ ಇಡುವುದು ಸೂಕ್ತ. ಒಂದೇ ಬ್ಯಾಟರಿಯಿಂದ ಎರಡೂ ಕೆಲಸ ತೆಗೆಯುವ ಅಭ್ಯಾಸ ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ವ್ಯಾಪಕವಾಗಿದೆ. ಉಳಿತಾಯದಂತೆ ಕಂಡರೂ ಅದು ಉಳಿತಾಯವಲ್ಲ.

ಸೀಸ-ಆಮ್ಲ ಬ್ಯಾಟರಿಯ ಅರ್ಧದಷ್ಟನ್ನು ಮಾತ್ರ ಬಳಸಬೇಕು. ಯಾವ ಹೊರೆಯೂ ಇಲ್ಲದೆ ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿಯಲ್ಲಿ ಮಲ್ಟಿಮೀಟರ್ 12.7 ವೋಲ್ಟ್ ತೋರಿಸಿದರೆ ಅದು ಪೂರ್ಣ ತುಂಬಿದೆ, 12.2 ತೋರಿಸಿದರೆ ಅರ್ಧ. 12ಕ್ಕಿಂತ ಕೆಳಗೆ ಬಂದರೆ ಈಗಾಗಲೇ ಹಾನಿಯ ಹಂತ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಸುಮಾರು ಶೇ. 80ರಷ್ಟು ಬಳಸಬಹುದು, ತೂಕವೂ ಬಹಳ ಕಡಿಮೆ. ಬೆಲೆ ಹೆಚ್ಚು. ದಿನವೂ ಬ್ಯಾಟರಿಯನ್ನು ಮರಳಿನ ಮೇಲೆ ಹೊತ್ತು ನಡೆಯುವವರಿಗೆ ಆ ಬೆಲೆ ತೆರಬಹುದಾದುದೇ. ಒಂದೆಡೆ ಇಟ್ಟಿರುವವರಿಗೆ ಅಗತ್ಯವಿಲ್ಲ.

ಲೆಕ್ಕ ಹಾಕುವ ಕ್ರಮ

ಅಂಗಡಿಗೆ ಹೋಗುವ ಮೊದಲು ಒಂದು ಕಾಗದದ ಮೇಲೆ ನಿಮ್ಮ ಬಳಕೆಯನ್ನು ಬರೆಯಿರಿ. ಉದಾಹರಣೆಗೆ, 5 ವಾಟ್‌ನ ಎರಡು ಎಲ್‌ಇಡಿ ದೀಪ 6 ಗಂಟೆ ಉರಿದರೆ 60 ವಾಟ್-ಗಂಟೆ. 10 ವಾಟ್‌ನ ಜಿಪಿಎಸ್ ಮತ್ತು ಮೀನು ಪತ್ತೆ ಯಂತ್ರ 8 ಗಂಟೆಗೆ 80. ವಯರ್‌ಲೆಸ್ ಸರಾಸರಿ 5 ವಾಟ್‌ನಂತೆ 8 ಗಂಟೆಗೆ 40. ಎರಡು ಮೊಬೈಲ್‌ಗಳಿಗೆ 20. ಒಟ್ಟು 200 ವಾಟ್-ಗಂಟೆ. ಇದನ್ನು 12ರಿಂದ ಭಾಗಿಸಿದರೆ ಸುಮಾರು 17 ಆಂಪಿಯರ್-ಗಂಟೆ. ಅರ್ಧ ಮಾತ್ರ ಬಳಸುವ ನಿಯಮದಂತೆ ಕನಿಷ್ಠ 34 ಆಂಪಿಯರ್-ಗಂಟೆಯ ಬ್ಯಾಟರಿ ಬೇಕು. ಮೋಡದ ಒಂದು ದಿನಕ್ಕೂ ಸೇರಿಸಿಕೊಂಡರೆ 60 ಆಂಪಿಯರ್-ಗಂಟೆಯದು ಯೋಗ್ಯ.

ಫಲಕದ ಲೆಕ್ಕವನ್ನು ವಾಟ್‌ಗಳಲ್ಲಿ ಮಾಡಿದರೆ ಮೋಸಹೋಗುವ ಸಂಭವವಿದೆ. 12 ವೋಲ್ಟ್ ಬ್ಯಾಟರಿಗೆಂದು ಮಾರುವ 100 ವಾಟ್ ಫಲಕವು 18 ವೋಲ್ಟ್‌ನಲ್ಲಿ ಸುಮಾರು 5.5 ಆಂಪಿಯರ್ ಕೊಡುತ್ತದೆ. ಸಾಮಾನ್ಯ ಪಿಡಬ್ಲ್ಯುಎಂ ಕಂಟ್ರೋಲರ್ ಆ ಫಲಕವನ್ನು ಬ್ಯಾಟರಿಯ ವೋಲ್ಟೇಜಿಗೆ ಎಳೆದು ತರುವುದರಿಂದ ನಿಮಗೆ ದೊರೆಯುವುದು 13 ವೋಲ್ಟ್‌ನಲ್ಲಿ 5.5 ಆಂಪಿಯರ್, ಅಂದರೆ 72 ವಾಟ್‌ನಷ್ಟು ಮಾತ್ರ. ಆದ್ದರಿಂದ ಆಂಪಿಯರ್‌ಗಳಲ್ಲೇ ಲೆಕ್ಕ ಮಾಡಿ. ಕರಾವಳಿಯಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ದಿನಕ್ಕೆ 5 ಗಂಟೆಯ ಪೂರ್ಣ ಬಿಸಿಲು ದೊರೆಯುತ್ತದೆ ಎಂದು ಹಿಡಿಯಬಹುದು. 5.5 ಆಂಪಿಯರ್ 5 ಗಂಟೆಗೆ 27 ಆಂಪಿಯರ್-ಗಂಟೆ. ಧೂಳು ಮತ್ತು ಬ್ಯಾಟರಿಯೊಳಗಿನ ನಷ್ಟಕ್ಕೆ ಐದರಲ್ಲೊಂದು ಪಾಲು ಕಳೆದರೆ 22 ಉಳಿಯುತ್ತದೆ. ನಮ್ಮ ಅಗತ್ಯ 17. ಇದೇ ಲೆಕ್ಕದಲ್ಲಿ 75 ವಾಟ್ ಫಲಕ ಬೇಸಿಗೆಯಲ್ಲಿಯೇ ತಟ್ಟಿಮುಟ್ಟಿ ಸಾಲುತ್ತದೆ. ಆದುದರಿಂದ 100 ವಾಟ್‌ಗೆ ಕಡಿಮೆ ಕೊಳ್ಳಬೇಡಿ.

ಬೆನ್ನಿಗೆ ಹೊರುವ ಸಿಂಪರಣಾ ಯಂತ್ರದ 8 ಆಂಪಿಯರ್-ಗಂಟೆಯ ಬ್ಯಾಟರಿಗೆ ಇಷ್ಟು ದೊಡ್ಡ ಫಲಕ ಬೇಡ. 20 ವಾಟ್‌ನ ಫಲಕ ಎರಡು ಬಿಸಿಲು ದಿನಗಳಲ್ಲಿ ಅದನ್ನು ತುಂಬಿಸುತ್ತದೆ.

ಕಂಟ್ರೋಲರ್ ಮತ್ತು ತಂತಿ

ಫಲಕವನ್ನು ನೇರವಾಗಿ ಬ್ಯಾಟರಿಗೆ ಜೋಡಿಸುವವರು ಇಂದಿಗೂ ಇದ್ದಾರೆ. ಹೊರೆಯಿಲ್ಲದಾಗ ಈ ಫಲಕದ ವೋಲ್ಟೇಜ್ 22ರ ಹತ್ತಿರ ಇರುತ್ತದೆ. ಬ್ಯಾಟರಿ ತುಂಬಿದ ಮೇಲೂ ಕರೆಂಟ್ ಹರಿಯುತ್ತಲೇ ಇದ್ದರೆ ಒಳಗಿನ ನೀರು ವಿಭಜನೆಗೊಂಡು ಜಲಜನಕ ಹೊರಬರುತ್ತದೆ, ಫಲಕಗಳು ಒಣಗುತ್ತವೆ. 10 ಆಂಪಿಯರ್‌ನ ಕಂಟ್ರೋಲರ್ ಕಡ್ಡಾಯ. ಅದು ಸುಮಾರು 14.4 ವೋಲ್ಟ್‌ವರೆಗೆ ತುಂಬಿಸಿ, ನಂತರ 13.6ರ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ನಮ್ಮ ಕರಾವಳಿಯ ಶಾಖಕ್ಕೆ ತಾಪಮಾನ ಹೊಂದಾಣಿಕೆ ಇರುವ ಕಂಟ್ರೋಲರ್ ಮೇಲು. ಬ್ಯಾಟರಿಯ ತಾಪ 25ರಿಂದ 35 ಡಿಗ್ರಿಗೆ ಏರಿದಾಗ ತುಂಬಿಸುವ ವೋಲ್ಟೇಜ್ ಸುಮಾರು 0.18ರಷ್ಟು ಇಳಿಯಬೇಕು. ಲಿಥಿಯಂ ಬ್ಯಾಟರಿಯಾದರೆ ಕಂಟ್ರೋಲರಿನಲ್ಲಿ ಅದಕ್ಕೆಂದೇ ಇರುವ ಆಯ್ಕೆಯನ್ನು ಒತ್ತಿರಿ.

ಎಂಪಿಪಿಟಿ ಎಂಬ ದುಬಾರಿ ಕಂಟ್ರೋಲರ್ ಕೊಳ್ಳಬೇಕೇ ಎಂಬ ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ. ಹಲವು ಫಲಕಗಳಿದ್ದರೆ, ಅಥವಾ ಫಲಕದ ವೋಲ್ಟೇಜ್ ಬಹಳ ಹೆಚ್ಚಿದ್ದರೆ ಅದು ಅಗತ್ಯ. 100 ವಾಟ್‌ನ ಒಂದೇ ಫಲಕಕ್ಕೆ ನನ್ನ ಸಲಹೆ ಬೇರೆ: ಆ ಹಣವನ್ನು ದಪ್ಪ ತಂತಿಗೆ ಹಾಕಿ.

ಏಕೆಂದರೆ ಬಿಸಿಲಿನಲ್ಲಿ ಫಲಕವೂ ಕಾಯುತ್ತದೆ. ಕೋಶಗಳು 60 ಡಿಗ್ರಿಗೆ ಬಿಸಿಯಾದಾಗ 18 ವೋಲ್ಟ್ ಇದ್ದುದು ಸುಮಾರು 15.5ಕ್ಕೆ ಇಳಿಯುತ್ತದೆ. ದಡದಲ್ಲಿ ಫಲಕ, 10 ಮೀಟರ್ ದೂರದಲ್ಲಿ ದೋಣಿ ಎಂದಾದರೆ, ಹೋಗಿ ಬರುವ ತಂತಿಯ ಉದ್ದ 20 ಮೀಟರ್. ಮನೆಯ ದೀಪಕ್ಕೆ ಬಳಸುವ 1.5 ಚದರ ಮಿ.ಮೀ. ತಂತಿಯಲ್ಲಿ 5.5 ಆಂಪಿಯರ್ ಹರಿದಾಗ 1.3 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. ಉಳಿಯುವುದು 14.2; ಬ್ಯಾಟರಿ ಪೂರ್ಣ ತುಂಬಲು ಬೇಕಾದುದು 14.4. ಬ್ಯಾಟರಿ ಪ್ರತಿದಿನವೂ ಸ್ವಲ್ಪ ಕೊರತೆಯಾಗಿಯೇ ಉಳಿಯುತ್ತದೆ, ಮಾಲೀಕರು ಬ್ಯಾಟರಿ ಕಂಪನಿಯನ್ನು ದೂರುತ್ತಾರೆ. 4 ಚದರ ಮಿ.ಮೀ. ತಂತಿಯಲ್ಲಿ ಈ ನಷ್ಟ ಅರ್ಧ ವೋಲ್ಟ್ ಮಾತ್ರ. ಕಂಟ್ರೋಲರನ್ನು ಫಲಕದ ಬೆನ್ನಿಗೆ ಅಂಟಿಸದೆ ಬ್ಯಾಟರಿಯ ಪಕ್ಕದಲ್ಲಿಡಿ. ಮಡಚುವ ಫಲಕಗಳಲ್ಲಿ ತಯಾರಕರೇ ಬೆನ್ನಿಗೆ ಜೋಡಿಸಿ ಕೊಟ್ಟಿದ್ದರೂ ಬಿಚ್ಚಿ ಬದಲಿಸುವುದು ಒಳಿತು. ದೂರದಿಂದ ಅಳೆಯುವ ಕಂಟ್ರೋಲರ್, ತಂತಿಯ ನಷ್ಟವನ್ನೂ ಬ್ಯಾಟರಿಯ ವೋಲ್ಟೇಜಿಗೆ ಸೇರಿಸಿಕೊಂಡು, ತುಂಬುವ ಮೊದಲೇ ತುಂಬಿತೆಂದು ನಿಲ್ಲಿಸುತ್ತದೆ.

ಜೋಡಿಸುವಾಗ ಮೊದಲು ಬ್ಯಾಟರಿಯನ್ನು ಕಂಟ್ರೋಲರಿಗೆ, ಬಳಿಕ ಫಲಕವನ್ನು. ಬಿಚ್ಚುವಾಗ ಮೊದಲು ಫಲಕ. ಬ್ಯಾಟರಿಯ ಧನ ತುದಿಯ ಸಮೀಪದಲ್ಲೇ 15 ಆಂಪಿಯರ್ ಫ್ಯೂಸ್ ಇರಲಿ. ಉಪ್ಪುಗಾಳಿಯಲ್ಲಿ ಬರಿಯ ತಾಮ್ರ ಹಸಿರುಗಟ್ಟುವುದರಿಂದ ತವರ ಲೇಪಿಸಿದ ತಂತಿ ದೊರೆತರೆ ಅದನ್ನೇ ಬಳಸಿ. ತುದಿಗಳಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ.

ಫಲಕವನ್ನು ಎಲ್ಲಿ, ಹೇಗೆ ಇಡಬೇಕು

ಸೌರಫಲಕವನ್ನು ದಕ್ಷಿಣಕ್ಕೆ ವಾಲಿಸಬೇಕೆಂಬ ಮಾತು ವರ್ಷಪೂರ್ತಿ ಕದಲದ ಫಲಕಕ್ಕೆ ಸರಿ. ಮಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಆ ಅವಧಿಯಲ್ಲಿ ಫಲಕವನ್ನು ಮಟ್ಟಸವಾಗಿ ಮಲಗಿಸುವುದೇ ಸರಿ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಚೆನ್ನಾಗಿ ವಾಲಿಸಿ. ಎತ್ತಿಡಬಹುದಾದ ಫಲಕದ ನಿಜವಾದ ಲಾಭ ಇದು: ಬೆಳಿಗ್ಗೆ ಪೂರ್ವಕ್ಕೆ, ಮಧ್ಯಾಹ್ನದ ನಂತರ ಪಶ್ಚಿಮಕ್ಕೆ ತಿರುಗಿಸಬಹುದು. ದೋಣಿಯನ್ನೋ ವಾಹನವನ್ನೋ ನೆರಳಿನಲ್ಲಿ ನಿಲ್ಲಿಸಿ ಫಲಕವನ್ನು ಮಾತ್ರ ಬಿಸಿಲಿಗೆ ಇಡಬಹುದು.

ನೆರಳಿನ ವಿಷಯದಲ್ಲಿ ಎಚ್ಚರ ಬೇಕು. ಫಲಕದ ಕೋಶಗಳು ಮಾಲೆಯಂತೆ ಸರಣಿಯಲ್ಲಿ ಜೋಡಣೆಯಾಗಿವೆ. ಒಂದು ತೆಂಗಿನ ಗರಿಯ ನೆರಳು ಕೆಲವೇ ಕೋಶಗಳ ಮೇಲೆ ಬಿದ್ದರೂ ಇಡೀ ಸಾಲಿನ ಕರೆಂಟ್ ಕುಸಿಯುತ್ತದೆ. ಒಣಗಲು ಹರಡಿದ ಬಲೆಯ ಅಂಚು, ಕಟ್ಟಿದ ಹಗ್ಗ, ಕಾಗೆಯ ಹಿಕ್ಕೆ ಎಲ್ಲವೂ ಇದೇ ಕೆಲಸ ಮಾಡುತ್ತವೆ. ಮೀನು ಒಣಗಿಸುವ ಜಾಗದ ಪಕ್ಕದಲ್ಲಿ ಫಲಕವಿಟ್ಟು ಕಾಗೆಯನ್ನು ಬೈದು ಪ್ರಯೋಜನವಿಲ್ಲ.

ಗಾಳಿಗೆ ಹಾರದಂತೆ ಫಲಕದ ಚೌಕಟ್ಟಿಗೆ ಮರಳುಚೀಲ ಕಟ್ಟಿ. ಬೆಳಗಿನ ತಂಪಿನಲ್ಲಿ ಸಿಹಿನೀರು ಸುರಿದು ಉಪ್ಪು, ಮರಳುಗಳನ್ನು ಹರಿಯಬಿಟ್ಟ ನಂತರವೇ ಬಟ್ಟೆ ಮುಟ್ಟಿಸಿ. ಒಣ ಮರಳಿನ ಮೇಲೆ ಒರೆಸಿದರೆ ಮೇಲ್ಮೈ ಗೀಚಿಹೋಗುತ್ತದೆ. ಬಾಗುವ ಪ್ಲಾಸ್ಟಿಕ್ ಮೇಲ್ಮೈಯ ಫಲಕಗಳು ಹಗುರವಾದರೂ ಈ ಮರಳಿಗೆ ಬೇಗ ಸೋಲುತ್ತವೆ. ಗಾಜಿನ ಮೇಲ್ಮೈಯಿದ್ದು, ಐಎಸ್ 14286 ಗುರುತಿರುವ ಮಡಚುವ ಫಲಕ ಉತ್ತಮ.

ಮಳೆಗಾಲ ಮತ್ತು 61 ದಿನಗಳ ರಜೆ

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಜುಲೈನಲ್ಲಿ ಪೂರ್ಣ ಬಿಸಿಲಿಗೆ ಸಮನಾದ ಅವಧಿ 3 ಗಂಟೆಯ ಆಸುಪಾಸಿಗೆ ಇಳಿಯುತ್ತದೆ. ಸತತ ಮಳೆಯ ದಿನಗಳಲ್ಲಿ ಇನ್ನೂ ಕಡಿಮೆ. ಮೇಲಿನ ಲೆಕ್ಕವನ್ನೇ ಮತ್ತೆ ಮಾಡಿದರೆ 100 ವಾಟ್ ಫಲಕದಿಂದ ದೊರೆಯುವುದು 13 ಆಂಪಿಯರ್-ಗಂಟೆ, ಬೇಕಾದುದು 17. ಮಳೆಗಾಲದಲ್ಲಿಯೂ ಕಡಲಿಗಿಳಿಯುವ ನಾಡದೋಣಿಯವರು ಫಲಕವೊಂದನ್ನೇ ನಂಬಬಾರದು. ಹೊರಡುವ ಮುನ್ನ ಮನೆಯ ವಿದ್ಯುತ್ತಿನಿಂದ ಬ್ಯಾಟರಿ ತುಂಬಿಸಿ, ದೀಪ ಮತ್ತು ವಯರ್‌ಲೆಸ್‌ಗೆ ಮೊದಲ ಪಾಲು ಉಳಿಸಿಕೊಳ್ಳಿ. ಮೀನನ್ನು ಸೆಳೆಯಲು ಪ್ರಖರ ಎಲ್‌ಇಡಿ ದೀಪ ಉರಿಸುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿದೆ; ಅದಕ್ಕಾಗಿ ಫಲಕ ಕೊಳ್ಳುವವರಿಗೆ ಈ ಲೇಖನ ಅಲ್ಲ.

ಯಾಂತ್ರೀಕೃತ ದೋಣಿಗಳ ಕಷ್ಟ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ನಿಷೇಧದ ಅವಧಿಯಲ್ಲಿ ಅವು ದಡದಲ್ಲಿರುತ್ತವೆ, ಬ್ಯಾಟರಿ ಒಳಗೇ ಇರುತ್ತದೆ. ಬಳಸದಿದ್ದರೂ ಸೀಸ-ಆಮ್ಲ ಬ್ಯಾಟರಿ ತಾನಾಗಿ ಇಳಿಯುತ್ತದೆ. ಶಾಖ ಹೆಚ್ಚಿದಷ್ಟೂ ವೇಗವಾಗಿ. ಇಳಿದ ಸ್ಥಿತಿಯಲ್ಲಿ ವಾರಗಟ್ಟಲೆ ನಿಂತರೆ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಆ ಹರಳು ಮತ್ತೆ ಸುಲಭವಾಗಿ ಕರಗುವುದಿಲ್ಲ. ಮಳೆಗಾಲದಲ್ಲಿ ಕೊಟ್ಟಿಗೆಯಲ್ಲಿ ನಿಂತ ಟಿಲ್ಲರ್, ಬೇಸಿಗೆ ಮುಗಿದ ಮೇಲೆ ಮೂಲೆಗೆ ಸೇರಿದ ಸೌರಬೇಲಿಯ ಬ್ಯಾಟರಿಗಳೂ ಹೀಗೆಯೇ ಸಾಯುತ್ತವೆ.

ಇಲ್ಲಿ ಫಲಕ ನಿಜಕ್ಕೂ ಉಪಕಾರಿ. ದಟ್ಟ ಮೋಡದಡಿ ಅದರ ಉತ್ಪಾದನೆ ಶೇ. 10ರಿಂದ 20ಕ್ಕೆ ಕುಸಿದರೂ, ಸುಮ್ಮನಿರುವ ಬ್ಯಾಟರಿಯನ್ನು ತುಂಬಿದ ಸ್ಥಿತಿಯಲ್ಲಿ ಕಾಯ್ದುಕೊಳ್ಳಲು ಅಷ್ಟು ಧಾರಾಳ. ಬ್ಯಾಟರಿಯ ಎಲ್ಲ ಹೊರೆಗಳನ್ನು ಬಿಚ್ಚಿ, ಮನೆಯ ಒಣ ಜಗಲಿಗೆ ತಂದಿಟ್ಟು, ಫಲಕವನ್ನು ಅಂಗಳದಲ್ಲಿ ಕಂಟ್ರೋಲರ್ ಮೂಲಕ ಜೋಡಿಸಿಡಿ. ಫಲಕವಿಲ್ಲದವರು ಮೂರು ವಾರಕ್ಕೊಮ್ಮೆ ಚಾರ್ಜರಿನಿಂದ ತುಂಬಿಸಬೇಕು.

ಅಪಾಯಗಳು

ಸಮುದ್ರದ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಉಪ್ಪುನೀರು ಆಮ್ಲಕ್ಕೆ ಸೇರಿ ಕರೆಂಟ್ ಹರಿದಾಗ ಕ್ಲೋರಿನ್ ಅನಿಲ ಹುಟ್ಟುತ್ತದೆ. ಸಣ್ಣ ಕ್ಯಾಬಿನ್ನಿನಲ್ಲಿ ಅದು ಪ್ರಾಣಾಪಾಯ. ಬ್ಯಾಟರಿಯನ್ನು ದೋಣಿಯ ತಳದಲ್ಲಿ ನೀರು ನಿಲ್ಲುವಲ್ಲಿ ಇಡದೆ ಎತ್ತರದ ಪೆಟ್ಟಿಗೆಯಲ್ಲಿ ಪಟ್ಟಿಯಿಂದ ಬಿಗಿಯಿರಿ. ಪೆಟ್ಟಿಗೆಯ ಮೇಲ್ಭಾಗದಲ್ಲಿ ಗಾಳಿಯಾಡುವ ರಂಧ್ರವಿರಲಿ, ಏಕೆಂದರೆ ಚಾರ್ಜ್ ಆಗುವಾಗ ಹೊರಬರುವ ಜಲಜನಕ ಕಿಡಿ ತಗಲಿದರೆ ಸಿಡಿಯುತ್ತದೆ. ಅದರ ಬಳಿ ಬೀಡಿ ಹಚ್ಚಬಾರದು. ಮಟ್ಟ ಇಳಿದಾಗ ಭಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ಕರಾವಳಿಯ ಬಾವಿನೀರಿನಲ್ಲಿ ಉಪ್ಪಿನಂಶ ಇರಬಹುದು. ಕುಡಿಯುವ ಬಾಟಲಿ ನೀರೂ ಸಲ್ಲದು.

ಕೆಟ್ಟ ಬ್ಯಾಟರಿಯ ಆಮ್ಲವನ್ನು ಮರಳಿಗೆ ಸುರಿಯುವುದು ಮಣ್ಣಿನ ದೃಷ್ಟಿಯಿಂದ ಅತ್ಯಂತ ಕೆಟ್ಟ ಕೆಲಸ. ಜೇಡಿಮಣ್ಣು ಸೀಸವನ್ನು ಸ್ವಲ್ಪಮಟ್ಟಿಗೆ ಹಿಡಿದಿಡಬಲ್ಲದು. ಮರಳಿಗೆ ಆ ಶಕ್ತಿ ಅತ್ಯಲ್ಪ, ಬೆಂಗ್ರೆಯಂತಹ ಸ್ಥಳದಲ್ಲಿ ಬಾವಿಯ ನೀರು ಕೆಲವೇ ಅಡಿ ಕೆಳಗಿರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಹಳೆಯ ಬ್ಯಾಟರಿಗಳು ಮರುಬಳಕೆಗೆ ಹೋಗಬೇಕು. ಹೊಸದನ್ನು ಕೊಳ್ಳುವ ಅಂಗಡಿಗೇ ಹಳೆಯದನ್ನು ಕೊಟ್ಟು ಬೆಲೆಯಲ್ಲಿ ಕಡಿತ ಪಡೆಯಿರಿ.

ಸಹಾಯಧನದ ಬಗ್ಗೆ ಒಂದು ಮಾತು. 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆ ನೀರಾವರಿ ಪಂಪ್‌ಗಳಿಗೆ ಹಾಗೂ ವಿದ್ಯುತ್ ಜಾಲಕ್ಕೆ ಸೇರುವ ಸೌರ ಘಟಕಗಳಿಗೆ ಸಂಬಂಧಿಸಿದ್ದು; ಇಂತಹ ಸಣ್ಣ ಫಲಕಗಳು ಅದರಲ್ಲಿ ಬರುವುದಿಲ್ಲ. ಆ ಹೆಸರು ಹೇಳಿ ಮುಂಗಡ ಕೇಳುವ ಮಾರಾಟಗಾರರಿಗೆ ಹಣ ಕೊಡಬೇಡಿ. ವಿಸ್ತರಣಾ ಕಾರ್ಯಕರ್ತರು ಪ್ರಾತ್ಯಕ್ಷಿಕೆಗೆ ಹೋಗುವಾಗ ಮಲ್ಟಿಮೀಟರ್ ಒಂದನ್ನು ಜೊತೆಗೆ ಒಯ್ಯಿರಿ. ತಂತಿಯ ಎರಡೂ ತುದಿಗಳಲ್ಲಿ ವೋಲ್ಟೇಜ್ ಅಳೆದು ತೋರಿಸಿದರೆ ಉಳಿದ ವಿವರಣೆ ಅರ್ಧಕ್ಕೆ ಇಳಿಯುತ್ತದೆ.